ಕಾರಿಗೊಂದು ಕೊಟ್ಟೆ ಕಟ್ಟಿ!

ಬಂಡೆ ಹತ್ತುವ ರಿಮೋಟ್ ಕಾರು ಮಲೆನಾಡಿನ ಮಳೆಗೆ ಸಿಕ್ಕರೆ ಏನಾಗುತ್ತದೆ? ಪುನರ್ವಸು ಮಳೆಯಲ್ಲಿ ಮುಳುಗಿದ ಆಟಿಕೆಗೆ ಮದ್ದು ಹುಡುಕುತ್ತ ಹೊರಟರೆ ಶಿರಸಿಯ ಅಡಿಕೆ ತೋಟ, ಸಿದ್ದಾಪುರದ ವೈಂಡಿಂಗ್ ಅಂಗಡಿ, ಯಲ್ಲಾಪುರದ ಜೀಪು ಒಂದೊಂದು ಗುಟ್ಟು ಬಿಟ್ಟುಕೊಟ್ಟವು.

ಹಳ್ಳದ ನಡುವಿನ ಕರಿಬಂಡೆಗೆ ಮುಂದಿನ ಚಕ್ರಗಳನ್ನು ಊರಿಕೊಂಡು ಕಾರು ಒಂದು ಗಳಿಗೆ ನಿಂತಿತು. ಹಿಂದಿನ ಚಕ್ರಗಳು ನೀರಲ್ಲಿದ್ದವು. ಅಕ್ಕನ ಮಗ ಸಂಕದ ಮೇಲೆ ಕುಕ್ಕರಗಾಲಲ್ಲಿ ಕೂತು ರಿಮೋಟ್ ಒತ್ತಿದ. ಕಾರು ಮುಂದಕ್ಕೆ ಹೋಗಲಿಲ್ಲ. ಮುಂದಿನ ಚಕ್ರಗಳು ತಾವಾಗಿಯೇ ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ ಹೊರಳಿದವು. ಚಳಿಜ್ವರ ಬಂದವರ ಹಾಗೆ ನಡುಗಿದವು. ಆಮೇಲೆ ಅದೂ ನಿಂತಿತು.

"ಮಾವ, ಹೋತು!" ಎಂದ.

ಪುನರ್ವಸು ಮಳೆ ಬಿಡುವು ಕೊಟ್ಟದ್ದೇ ಹತ್ತು ನಿಮಿಷ. ಅಷ್ಟರಲ್ಲಿ ತೋಟದ ಕೆಳಗಿನ ಹಳ್ಳದಲ್ಲಿ ಈ ಅವಘಡ. ಮಾವಿನಕಾಯಿ ಕೊಯ್ಯುವ ಕೊಕ್ಕೆ ತಂದು ಕಾರನ್ನು ಎಳೆದುಕೊಂಡೆವು. ತಲೆಕೆಳಗು ಮಾಡಿದರೆ ಕೆಂಪು ನೀರು ದಳದಳ ಸುರಿಯಿತು. ಒಂದು ಪೆಟ್ಟಿಗೆಯಿಂದ ಮಾತ್ರ ಹನಿಯೂ ಬೀಳಲಿಲ್ಲ. ಅಲುಗಿಸಿದರೆ ಒಳಗೆ ಗುಳುಗುಳು ಸದ್ದು.

ಕಂಬಳಿಕೊಪ್ಪೆ ಹೊದ್ದು ತೋಟ ತಿರುಗಿ ಬರುತ್ತಿದ್ದ ಅಪ್ಪ ನಿಂತು ನೋಡಿದರು. "ಅದಕ್ಕೊಂದು ಕೊಟ್ಟೆ ಕಟ್ಟಿದ್ದಿಲ್ಯನಾ ಮಾಣಿ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಮನೆಯ ಕಡೆ ನಡೆದರು.

ನಾವಿಬ್ಬರೂ ನಕ್ಕೆವು. ಆ ಪ್ರಶ್ನೆಯಲ್ಲೇ ಅರ್ಧ ಉತ್ತರ ಇತ್ತೆಂದು ಗೊತ್ತಾಗಲು ಎರಡು ವಾರ ಹಿಡಿಯಿತು.

ಆಮೆಯ ಜಾತಿಯ ಕಾರು

ರಿಮೋಟ್ ಕಾರೆಂದರೆ ಸರ್ರನೆ ಓಡಿ ಗೋಡೆಗೆ ಗುದ್ದುವ ಆಟಿಕೆ ಎಂಬ ನೆನಪೇ ನಮಗೆಲ್ಲ. ರಾಕ್ ಕ್ರಾಲರ್ ಹಾಗಲ್ಲ. ಅಸಲಿ ವಾಹನದ ಹತ್ತನೇ ಒಂದರಷ್ಟು ಗಾತ್ರ, ಎರಡು–ಮೂರು ಕಿಲೋ ತೂಕ, ಮೆತ್ತನೆಯ ಟೈರು, ನಾಲ್ಕೂ ಚಕ್ರಕ್ಕೆ ಎಳೆತ. ವೇಗ ಮನುಷ್ಯನ ನಡಿಗೆಯಷ್ಟು, ಬಂಡೆ ಸಿಕ್ಕರೆ ಅದಕ್ಕಿಂತಲೂ ಕಡಿಮೆ. ಬೇರು, ಕಲ್ಲು, ಧರೆಯನ್ನು ತಬ್ಬಿಕೊಂಡು ಹತ್ತುವುದೇ ಅದರ ಆಟ.

ತೊಂದರೆ ಇರುವುದೂ ಅಲ್ಲೇ. ಓಟದ ಕಾರು ಹೊಂಡದ ನೀರನ್ನು ಎರಡು ಸೆಕೆಂಡಲ್ಲಿ ಹಾರಿಸಿ ಹೋಗಿಬಿಡುತ್ತದೆ. ಕ್ರಾಲರ್ ನೀರಲ್ಲೇ ನಿಂತು ಯೋಚಿಸುತ್ತದೆ, ಒಂದು ಕಲ್ಲಿಗೆ ಹದಿನೈದು ನಿಮಿಷ ಬೇಕಾದರೂ ತೆಗೆದುಕೊಳ್ಳುತ್ತದೆ. ನೀರಿಗೆ ಅಷ್ಟು ಪುರುಸೊತ್ತು ಸಿಕ್ಕರೆ ಎಲ್ಲಿ ಬೇಕಾದರೂ ನುಗ್ಗೀತು.

ಅದರಲ್ಲೂ ನಮ್ಮ ಸೀಮೆಯ ನೀರು. ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ವರ್ಷಕ್ಕೆ ಎರಡು ಸಾವಿರ ಮಿಲಿಮೀಟರ್ ದಾಟಿ ಮಳೆ ಸುರಿಯುವ ತಾಲ್ಲೂಕುಗಳು. ಆ ಮಳೆಗೆ ಚಿರೇಕಲ್ಲಿನ ಕೆಂಪು ಮಣ್ಣು ಕರಗಿ ಹಳ್ಳಕ್ಕೆ ಇಳಿಯುತ್ತದೆ. ಸೀರೆಯ ಅಂಚಿಗೆ ಹತ್ತಿದರೆ ಜನ್ಮಕ್ಕೆ ಹೋಗದ ಈ ರಾಡಿ ಬೇರಿಂಗಿನ ಒಳಹೊಕ್ಕರೆ ಅರಗಲ್ಲಿನ ಹಾಗೆ ತೇಯುತ್ತದೆ.

> ಮೊದಲು ಓಡಿದ್ದೇ ನೀರಲ್ಲಿ!
> ರೇಡಿಯೊ ಅಲೆಯಿಂದ ನಡೆಸುವ ವಾಹನವನ್ನು ಜನರೆದುರು ಓಡಿಸಿ ತೋರಿಸಿದವರು ನಿಕೋಲಾ ಟೆಸ್ಲಾ. 1898ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ, ನೀರು ತುಂಬಿದ ತೊಟ್ಟಿಯೊಳಗೆ. ಅದೊಂದು ಪುಟ್ಟ ದೋಣಿ.
> ಜಪಾನಿನ ತಮಿಯಾ ಕಂಪನಿಯ ಮೊದಲ ರೇಡಿಯೊ ಕಾರು ಪೋರ್ಷೆ 934. ಬಂದದ್ದು 1976ರಲ್ಲಿ.
> ಅಮೆರಿಕದ ಟ್ರಾಕ್ಸಸ್ 2017ರಲ್ಲಿ ತಂದ ಟಿಆರ್‌ಎಕ್ಸ್-4 ಕ್ರಾಲರಿಗೆ ಪೋರ್ಟಲ್ ಆಕ್ಸಲ್ ಇದೆ. ಆಕ್ಸಲನ್ನು ಚಕ್ರದ ನಡುಮಟ್ಟಕ್ಕಿಂತ ಮೇಲಕ್ಕೆತ್ತಿ ಬಂಡೆಗೆ ತಾಗದಂತೆ ಮಾಡುವ ಈ ಉಪಾಯ ಯೂನಿಮಾಗ್ ಲಾರಿಗಳಲ್ಲಿ ಹಳೆಯದು.

ಶಿರಸಿ: ಕೊಟ್ಟೆಯ ಬಾಯಿ ಕೆಳಗೆ

ಜಗುಲಿಯಲ್ಲಿ ಪೇಪರ್ ಹಾಸಿ ಕಾರನ್ನು ಬಿಚ್ಚಿದೆವು. ಗುಳುಗುಳು ಎನ್ನುತ್ತಿದ್ದದ್ದು ರಿಸೀವರ್ ಪೆಟ್ಟಿಗೆ. ರಿಮೋಟಿನ ಮಾತು ಕೇಳಿ ಮೋಟಾರಿಗೂ ಸ್ಟೇರಿಂಗಿಗೂ ತಲುಪಿಸುವ ಬೆಂಕಿಪೊಟ್ಟಣದಷ್ಟು ದೊಡ್ಡ ಸರ್ಕೀಟು ಇರುವುದು ಅದರೊಳಗೆ. ಹುಡುಗ ಜಾಣ. ಬಚ್ಚಲುಮನೆಯ ಸಂದು ಮುಚ್ಚುವ ಸಿಲಿಕೋನ್ ತಂದು ಪೆಟ್ಟಿಗೆಯ ಸುತ್ತ ಬಳಿದಿದ್ದ. ಮುಚ್ಚಳದ ಕಡೆಯಿಂದ ನೀರು ಬಂದಿರಲಿಲ್ಲ. ವಯರುಗಳು ಹೊರಬರುವ ತೂತಿನಿಂದ, ವಯರಿನ ಮೈಗುಂಟ ಹರಿದು ಒಳಗಿಳಿದಿತ್ತು. ಇಳಿದ ನೀರಿಗೆ ಹೊರಹೋಗಲು ದಾರಿ ಇರಲಿಲ್ಲ. ರಿಸೀವರ್ ಕುಡಿಕೆಯೊಳಗಿನ ಉಪ್ಪಿನಕಾಯಿಯಂತೆ ನೆನೆದಿತ್ತು.

ಅಪ್ಪ ಕೇಳಿದ ಕೊಟ್ಟೆ ಆಗ ನೆನಪಾಯಿತು.

ಈ ಕಡೆಯವರಲ್ಲದವರಿಗೆ ಹೇಳಬೇಕು: ಮಳೆಗಾಲದ ಶುರುವಿಗೇ ಕೊನೆಗೌಡ ಮರ ಏರಿ, ಎಳೆಯ ಅಡಿಕೆ ಕೊನೆಗಳಿಗೆ ಪ್ಲಾಸ್ಟಿಕ್ ಹೊದಿಕೆ ಕಟ್ಟುತ್ತಾನೆ. ಅದೇ ಕೊಟ್ಟೆ. ಕೊನೆ ನೆನೆದರೆ ಕೊಳೆರೋಗ, ಕೊಳೆ ಬಂದರೆ ವರ್ಷದ ಅನ್ನಕ್ಕೇ ಕುತ್ತು. ಕೊಟ್ಟೆಯನ್ನು ಮೇಲೆ ಬಿಗಿದು ಕಟ್ಟುತ್ತಾರೆ, ಕೆಳಗೆ ಬಾಯಿ ಬಿಡುತ್ತಾರೆ. ಕೆಳಗೂ ಕಟ್ಟಿದರೆ ಒಳಗಿನ ಹಬೆಗೇ ಅಡಿಕೆ ಬೆಂದು ಕೊಳೆಯುತ್ತದೆ. ತೋಟದ ಬುಡದಲ್ಲೂ ಇದೇ ಲೆಕ್ಕ. ಸಾಲುಗಳ ನಡುವೆ ಕಾದಿಗೆ ತೋಡಿ, ಬಿದ್ದ ನೀರು ನಿಲ್ಲದೆ ಹಳ್ಳ ಸೇರುವಂತೆ ಮಾಡಿರುತ್ತಾರೆ.

ಕಾರಿಗೂ ಅದನ್ನೇ ಮಾಡಿದೆವು. ಮುಚ್ಚಳದ ಸುತ್ತ ರಬ್ಬರಿನ ಗ್ಯಾಸ್ಕೆಟ್ಟು. ವಯರು ಹೊರಬರುವ ಕಡೆ ಎರಡು ತುಂಡು ಸ್ಪಂಜು, ಅದರ ತುಂಬ ಸಿಲಿಕೋನ್ ಗ್ರೀಸು, ಮೇಲಿನಿಂದ ಒತ್ತಿ ಹಿಡಿಯುವ ಪಟ್ಟಿ. ವಯರುಗಳನ್ನು ಒಂದಕ್ಕೊಂದು ತಾಗದಂತೆ ಬಿಡಿಸಿ ಕೂರಿಸಿದೆವು. ಎರಡು ವಯರು ಅಂಟಿಕೊಂಡರೆ ನಡುವಿನ ಸಂದೇ ನೀರಿಗೆ ಕಾಲುದಾರಿ. ಪೆಟ್ಟಿಗೆಯಿಂದ ಹೊರಟ ವಯರು ಮೊದಲು ಕೆಳಕ್ಕೆ ಬಾಗಿ ಆಮೇಲೆ ಮೇಲೇರುವ ಹಾಗೆ ಬಳುಕಿಸಿದೆವು. ಹನಿ ಆ ಬಳುಕಿನಲ್ಲೇ ತೊಟ್ಟಿಕ್ಕಿ ಬಿದ್ದುಹೋಗುತ್ತದೆ, ಹಂಚಿನ ಮಾಡಿನ ತುದಿಯಿಂದ ಬೀಳುವ ಹಾಗೆ.

ಕಾರಿನ ಉಳಿದ ಮೈಯನ್ನು ಮುಚ್ಚುವ ಗೋಜಿಗೇ ಹೋಗಲಿಲ್ಲ. ಬ್ಯಾಟರಿ ಕೂರುವ ತಟ್ಟೆಯಲ್ಲಿ ನೀರು ನಿಲ್ಲುತ್ತಿತ್ತು. ಅಲ್ಲೊಂದು ತೂತು ಕೊರೆದೆವು. ಕಾರಿಗೂ ಒಂದು ಕಾದಿಗೆ!

> ಕೊಳೆ ಮತ್ತು ಕೋಲ್ಮನ್
> ಅಡಿಕೆಯ ಕೊಳೆರೋಗಕ್ಕೆ ಕಾರಣ ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲಿ ಈ ರೋಗದ ಬಗ್ಗೆ ವಿವರವಾದ ಪುಸ್ತಿಕೆ ಪ್ರಕಟಿಸಿದರು. ಪ್ಲಾಸ್ಟಿಕ್ ಬರುವ ಮೊದಲು ಕೊಟ್ಟೆಗೆ ಅಡಿಕೆಯ ಹಾಳೆಯೇ ಬಳಕೆಯಲ್ಲಿತ್ತು.
> ಇಂದಿಗೂ ಹೊಡೆಯುವ ಬೋರ್ಡೊ ಮದ್ದಿನ ಅಳತೆ: 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು.

ಸಿದ್ದಾಪುರ: ನೀರಿಳಿದರೂ ಸಾಯದ ಮೋಟಾರು

ಪೆಟ್ಟಿಗೆ ಸರಿಹೋಯಿತು. ಆದರೆ ರಿಸೀವರೂ ಸರ್ವೊವೂ ಆಗಲೇ ಸತ್ತಿದ್ದವು. ಸ್ಟೇರಿಂಗ್ ತಿರುಗಿಸುವ ಪುಟ್ಟ ಮೋಟಾರು ಪೆಟ್ಟಿಗೆಗೆ ಸರ್ವೊ ಎನ್ನುತ್ತಾರೆ. ಹಳ್ಳದಲ್ಲಿ ಚಳಿಜ್ವರ ಬಂದದ್ದು ಅದಕ್ಕೇ. ಎರಡನ್ನೂ ಜೇಬಿಗೆ ಹಾಕಿಕೊಂಡು ಸಿದ್ದಾಪುರ ಪೇಟೆಯ ವೈಂಡಿಂಗ್ ಅಂಗಡಿಗೆ ಹೋದೆವು. ಪಂಪ್‌ಸೆಟ್ಟು, ಮಿಕ್ಸರು, ಮದ್ದು ಹೊಡೆಯುವ ಯಂತ್ರ ಎಲ್ಲವೂ ಅಲ್ಲಿ ಹೊಟ್ಟೆ ಬಿಚ್ಚಿಕೊಂಡು ಸಾಲಾಗಿ ಕೂತಿರುತ್ತವೆ.

ಮಿಸ್ತ್ರಿ ಕನ್ನಡಕ ಏರಿಸಿ ಸರ್ಕೀಟು ನೋಡಿದರು. ತಾಮ್ರದ ಗೆರೆಗಳ ಮೇಲೆ ಹಸಿರು ಹಿಟ್ಟು. "ಕಿಲುಬು, ಹೆಗಡೇರೆ" ಎಂದರು. ಹುಣಸೆಹಣ್ಣು ಹಾಕಿ ತಿಕ್ಕುವ ತಾಮ್ರದ ತಂಬಿಗೆಯ ಅದೇ ಕಿಲುಬು. ಹಳ್ಳದ ನೀರಲ್ಲಿ ಕರಗಿದ ಲವಣ ಇರುತ್ತದೆ, ಅದರಲ್ಲಿ ಕರೆಂಟು ಹರಿಯುತ್ತದೆ. ಒಂದು ಗೆರೆಯ ತಾಮ್ರ ಕರಗುತ್ತ ಹೋಗಿ ಗೆರೆ ಸವೆದು ತುಂಡಾಗುತ್ತದೆ. ಬ್ಯಾಟರಿ ಸಿಕ್ಕಿಸಿಕೊಂಡೇ ನೆನೆದ ಸರ್ಕೀಟು ನಿಮಿಷಗಳಲ್ಲಿ ಹಾಳು. ಬ್ಯಾಟರಿ ಕಿತ್ತು ನೆನೆದದ್ದು ತೊಳೆದು ಒಣಗಿಸಿದರೆ ಹಲವು ಬಾರಿ ಬದುಕುತ್ತದೆ.

ಬಳಿದ ಸಿಲಿಕೋನ್ ಮೂಸಿ ನೋಡಿ ನಕ್ಕರು. ವಿನೆಗರ್ ವಾಸನೆ. ಬಚ್ಚಲುಮನೆಗೆ ಬಳಸುವ ಬಹಳಷ್ಟು ಸಿಲಿಕೋನ್ ಗಟ್ಟಿಯಾಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ. ಆಮ್ಲ ತಾಮ್ರವನ್ನು ತಿನ್ನುತ್ತದೆ. ನೀರಿನ ಜೊತೆಗೆ ನಾವೂ ಸೇರಿ ಕೊಂದಿದ್ದೆವು. ಎಲೆಕ್ಟ್ರಾನಿಕ್ಸಿಗೆಂದೇ ಸಿಗುವ ವಾಸನೆ ಇಲ್ಲದ ನ್ಯೂಟ್ರಲ್ ಸಿಲಿಕೋನ್ ತರಬೇಕಿತ್ತು.

ಆಮೇಲೆ ಮೂಲೆಯಲ್ಲಿ ನಿಂತಿದ್ದ ಉದ್ದನೆಯ ಬೋರ್‌ವೆಲ್ ಮೋಟಾರು ತೋರಿಸಿದರು. "ಇದು ನೂರಾರು ಅಡಿ ನೀರಿನ ಕೆಳಗೆ ವರ್ಷಗಟ್ಟಲೆ ಓಡ್ತದೆ. ಇದ್ರೊಳಗೆ ನೀರು ಹೋಗ್ದಿದ್ದಂಗೆ ಮಾಡಿದ್ದೇವೆ ಅಂದ್ಕಂಡ್ರಾ? ಇಳಿಸೂ ಮೊದ್ಲು ನಾವೇ ನೀರು ತುಂಬಿಸ್ತೇವೆ!"

ಹುಡುಗ ಬಾಯಿ ಬಿಟ್ಟ. ನಿಜವೇ. ಹಲವು ಸಬ್‌ಮರ್ಸಿಬಲ್ ಮೋಟಾರುಗಳ ಒಡಲಲ್ಲಿ ಶುದ್ಧ ನೀರನ್ನೇ ತುಂಬಿರುತ್ತಾರೆ. ಮೋಟಾರು ತಂಪಾಗುವುದು, ಬೇರಿಂಗ್ ಜಾರುವುದು ಆ ನೀರಿನಿಂದಲೇ. ನೀರಿನ ಹೆದರಿಕೆ ಇಲ್ಲದ್ದು ಯಾಕೆಂದರೆ ಸುತ್ತಿದ ತಾಮ್ರದ ತಂತಿಯ ಮೈಯೆಲ್ಲ ಪ್ಲಾಸ್ಟಿಕ್ ಹೊದಿಕೆ. ನೀರು ಮನೆಯೊಳಗೇ ಓಡಾಡಿಕೊಂಡಿರಬಹುದು, ತಾಮ್ರವನ್ನು ಮುಟ್ಟುವಂತಿಲ್ಲ.

ಹೊಸ ಸರ್ವೊ, ಹೊಸ ರಿಸೀವರ್ ತರಿಸಿ ಅದೇ ಪಾಠ ಒಪ್ಪಿಸಿದೆವು. ಸರ್ವೊದ ನಾಲ್ಕು ಉದ್ದ ಸ್ಕ್ರೂ ಬಿಚ್ಚಿ, ಸರ್ಕೀಟನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿದೆವು. ಒಣಗಿದ ಮೇಲೆ ಕನ್ಫಾರ್ಮಲ್ ಕೋಟಿಂಗ್ ಎಂಬ ಪಾರದರ್ಶಕ ಸಿಲಿಕೋನ್ ಲೇಪ. ದಪ್ಪಗೆ ಒಂದು ಸಲ ಬಳಿಯುವುದಕ್ಕಿಂತ ತೆಳ್ಳಗೆ ಎರಡು ಸಲ ಬಳಿದರೆ ಗುಳ್ಳೆ ಏಳುವುದಿಲ್ಲ. ನೋಟು ಪರೀಕ್ಷಿಸುವ ನೇರಳೆ ಟಾರ್ಚು ಹಿಡಿದರೆ ಲೇಪ ಬಿದ್ದ ಕಡೆಯೆಲ್ಲ ನೀಲಿ ಮಿಂಚುತ್ತದೆ. ಕಪ್ಪಾಗಿ ಕಂಡ ಜಾಗವೇ ಬಿಟ್ಟುಹೋದ ಜಾಗ. ಪ್ಲಗ್ಗಿನ ಪಿನ್ನುಗಳಿಗೆ ಮಾತ್ರ ತಾಗಿಸಬಾರದು. ತಾಗಿದರೆ ಕರೆಂಟೂ ಹರಿಯುವುದಿಲ್ಲ. ಉಗುರಿಗೆ ಹಚ್ಚುವ ಬಣ್ಣ ಬಳಿಯುವವರೂ ಇದ್ದಾರೆ, ಕೆಲವು ದಿನ ನಡೆದೀತು. ಬಿಸಿಗೆ ಬಿರಿದ ಮೇಲೆ ಅದು ಇದ್ದೂ ಇಲ್ಲದ ಹಾಗೆ.

ಸರ್ವೊಗೆ ನೀರು ಹೊಕ್ಕುವ ಬಾಗಿಲು ಮೂರು: ಮುಚ್ಚಳದ ಸಂದು, ವಯರಿನ ತೂತು, ತಿರುಗುವ ಕಡ್ಡಿಯ ಬುಡ. ಮೂರನೆಯದೇ ಕಿಲಾಡಿ. ತಿರುಗಬೇಕಾದ ಕಡೆ ಅಂಟು ಹಚ್ಚುವಂತಿಲ್ಲ. ಸುಮಾರು ಆರು ಮಿಲಿಮೀಟರ್ ದಪ್ಪದ ಆ ಕಡ್ಡಿಗೆ ಗ್ರೀಸು ಮೆತ್ತಿದ ರಬ್ಬರಿನ ಓ-ರಿಂಗು ತೊಡಿಸಿ, ಮೇಲಿನ ತೋಳು ಅದನ್ನು ಮೆಲ್ಲಗೆ ಒತ್ತುವಂತೆ ಸ್ಕ್ರೂ ಬಿಗಿದೆವು. ಬಿಗಿ ಹೆಚ್ಚಾದರೆ ಸರ್ವೊ ಮುಲುಗುತ್ತದೆ, ಕಡಿಮೆಯಾದರೆ ನೀರು ಕುಡಿಯುತ್ತದೆ.

ಕಾರನ್ನು ಎಳೆಯುವ ಮೋಟಾರು? ಅದನ್ನು ಮುಟ್ಟಲೇ ಇಲ್ಲ. ಕಾರ್ಬನ್ ಬ್ರಷ್ಷಿನ ಅಗ್ಗದ ಮೋಟಾರು ನೀರೊಳಗೂ ತಿರುಗುತ್ತದೆ. ಬ್ರಷ್ಷು ಬೇಗ ಸವೆಯುತ್ತದೆ ಅಷ್ಟೆ. ಬೇರಿಂಗಿಗೆ ಎರಡು ಹನಿ ಎಣ್ಣೆ ಬಿಟ್ಟರೆ ಸಾಕೆಂದರು ಮಿಸ್ತ್ರಿ.

> 'ವಾಟರ್‌ಪ್ರೂಫ್' ಎಂದರೆ ಎಷ್ಟು?
> ಪೆಟ್ಟಿಗೆಯ ಮೇಲೆ ಐಪಿ ಸಂಖ್ಯೆ ಹುಡುಕಿ. ಮೊದಲ ಅಂಕಿ ದೂಳಿಗೆ, ಎರಡನೆಯದು ನೀರಿಗೆ.
> ಕೊನೆಯ ಅಂಕಿ 4 ಇದ್ದರೆ ಎರಚಲು ತಡೆದೀತು.
> ಐಪಿ 67: ದೂಳು ಹೊಕ್ಕದು, 1 ಮೀಟರ್ ಆಳದ ನೀರಲ್ಲಿ 30 ನಿಮಿಷ ಬದುಕೀತು.
> ಈ ಪರೀಕ್ಷೆ ನಡೆಯುವುದು ತಿಳಿನೀರಲ್ಲಿ. ಕೆಸರಿಗೂ ಕಡಲಿಗೂ ಖಾತ್ರಿ ಇಲ್ಲ.

ಯಲ್ಲಾಪುರ: ಬಿಸಿ ಮೈಗೆ ತಣ್ಣೀರು

ಪುಷ್ಯ ಮಳೆ ಹಿಡಿಯುವ ಹೊತ್ತಿಗೆ ಎರಡನೆಯ ಪರೀಕ್ಷೆ. ಬಕೆಟ್ಟಿನ ನೀರಲ್ಲಿ ಅರ್ಧ ಗಂಟೆ ಮುಳುಗಿಸಿದರೂ ಕಾರಿಗೆ ಏನೂ ಆಗಲಿಲ್ಲ. ಹುರುಪಿನಲ್ಲಿ ಧರೆ ಹತ್ತಿಸಿ, ಇಳಿಸಿ, ಸೀದಾ ಹಳ್ಳಕ್ಕೆ ಬಿಟ್ಟೆವು. ಮನೆಗೆ ಬಂದು ತೆರೆದರೆ ರಿಸೀವರ್ ಪೆಟ್ಟಿಗೆಯಲ್ಲಿ ಒಂದು ಚಮಚ ನೀರು! ಲೇಪದ ಪುಣ್ಯಕ್ಕೆ ರಿಸೀವರ್ ಬದುಕಿತ್ತು. ಬಕೆಟ್ಟಿನಲ್ಲಿ ಬಾರದ ನೀರು ಹಳ್ಳದಲ್ಲಿ ಬಂದದ್ದು ಹೇಗೆ?

ಉತ್ತರ ಕೊಟ್ಟವರು ಯಲ್ಲಾಪುರದ ಜೀಪಿನ ಚಾಲಕ. ಮಳೆಗಾಲದಲ್ಲಿ ಬಸ್ಸು ಹೋಗದ ಊರುಗಳಿಗೆ ಅಕ್ಕಿಚೀಲ, ಗ್ಯಾಸ್ ಸಿಲಿಂಡರ್, ಬಾಣಂತಿಯರನ್ನು ಮುಟ್ಟಿಸಿ ಪಳಗಿದವರು. ತಮ್ಮ ಜೀಪಿನ ಬಾನೆಟ್ ಎತ್ತಿ, ಒಳಗೆ ಮೇಲಕ್ಕೆ ಕಟ್ಟಿದ ಎರಡು ಸಣ್ಣ ರಬ್ಬರ್ ಪೈಪು ತೋರಿಸಿದರು. ಆಕ್ಸಲ್ ಉಸಿರಾಡುವ ಪೈಪುಗಳು.

ಘಟ್ಟ ಹತ್ತಿದ ಆಕ್ಸಲ್ ಕಾದಿರುತ್ತದೆ, ಒಳಗಿನ ಗಾಳಿಯೂ ಹಿಗ್ಗಿರುತ್ತದೆ. ಹಾಗೇ ಹಳ್ಳಕ್ಕೆ ಇಳಿಸಿದರೆ ಗಾಳಿ ಥಟ್ಟನೆ ಕುಗ್ಗಿ ಆಯಿಲ್ ಸೀಲಿನ ಸಂದಿಯಿಂದ ನೀರನ್ನು ಹೀರಿಕೊಳ್ಳುತ್ತದೆ. ಮರುದಿನ ಬಿಚ್ಚಿದರೆ ಎಣ್ಣೆ ಹಾಲು ಬೆರೆಸಿದ ಚಹಾದ ಬಣ್ಣ. ಪೈಪಿನ ತುದಿ ನೀರಿಗಿಂತ ಮೇಲಿದ್ದರೆ ಆಕ್ಸಲ್ ನೀರಿನ ಬದಲು ಗಾಳಿ ಕುಡಿಯುತ್ತದೆ.

ಲೆಕ್ಕ ಹಾಕಿದೆವು. 60 ಡಿಗ್ರಿಗೆ ಕಾದ ಗಾಳಿ 25 ಡಿಗ್ರಿಗೆ ತಣಿದರೆ ಸುಮಾರು ಹತ್ತನೇ ಒಂದು ಭಾಗ ಕುಗ್ಗುತ್ತದೆ. ಮೋಟಾರಿನ ಪಕ್ಕದಲ್ಲೇ ಕೂತ ನಮ್ಮ ಪೆಟ್ಟಿಗೆ ಧರೆ ಹತ್ತುವಾಗ ಕಾದು, ಹಳ್ಳದಲ್ಲಿ ತಣಿದು, ಗ್ರೀಸು ದಾಟಿಸಿ ನೀರೆಳೆದಿತ್ತು. ಬಕೆಟ್ಟಿಗೆ ಹಾಕಿದ್ದು ತಣ್ಣನೆಯ ಕಾರನ್ನು. ಅಲ್ಲಿ ಏನೂ ಆಗದಿದ್ದರೆ ಆಶ್ಚರ್ಯವಿಲ್ಲ.

"ಹಳ್ಳದ ದಡಕ್ಕೆ ಬಂದ್ಮೇಲೆ ಒಂದು ಕವಳ ಹಾಕೂವಷ್ಟು ಹೊತ್ತು ನಿಲ್ಸಿ, ಆಮೇಲೆ ಇಳ್ಸಿ. ಗಾಡಿಗೂ ದಣಿವಾರ್ಬೇಕು" ಎಂದರು ಚಾಲಕರು. ಎಲೆಯಡಿಕೆಯ ಕವಳದ ಗಾತ್ರ ಅವರವರ ಬಾಯಿಗೆ ಬಿಟ್ಟದ್ದು. ನಾವು ಹತ್ತು ನಿಮಿಷ ಎಂದು ಗೊತ್ತು ಮಾಡಿಕೊಂಡೆವು.

ಅವರ ಇನ್ನೊಂದು ಮಾತು: ಎಂಜಿನ್ ಗಾಳಿ ಎಳೆಯುವ ಬಾಯಿಗೆ ನೀರು ತಲುಪಬಾರದು. ಗಾಳಿಯ ಹಾಗೆ ನೀರನ್ನು ಒತ್ತಿ ಕುಗ್ಗಿಸಲಾಗದು, ಪಿಸ್ಟನ್ನಿನ ರಾಡೇ ಬಾಗುತ್ತದೆ. ಮಹೀಂದ್ರ 2020ರಲ್ಲಿ ತಂದ ಥಾರ್‌ಗೆ ನೀರು ದಾಟುವ ಮಿತಿ 650 ಮಿಲಿಮೀಟರ್ ಎಂದು ಹೇಳಿರುವುದು ಸುಮ್ಮನೆ ಅಲ್ಲ. ಎಂಜಿನ್ ಇಲ್ಲದ ನಮ್ಮ ಕಾರಿಗೂ ಇಂಥ ಒಂದು ಗೆರೆ ಇದೆ. ರಿಮೋಟ್ ಮಾತಾಡುವುದು 2.4 ಗಿಗಾಹರ್ಟ್ಜ್ ಅಲೆಯಲ್ಲಿ, ಆ ಅಲೆಯನ್ನು ನೀರು ನುಂಗಿಬಿಡುತ್ತದೆ. ರಿಸೀವರಿನ ಆಂಟೆನಾದಲ್ಲಿ ಅಲೆ ಹಿಡಿಯುವ ತುದಿ ಬರೀ ಮೂರು ಸೆಂಟಿಮೀಟರ್. ಅದನ್ನು ಪ್ಲಾಸ್ಟಿಕ್ ಕೊಳವೆಯಲ್ಲಿ ಹಾಕಿ ನೆಟ್ಟಗೆ ಮೇಲೆ ನಿಲ್ಲಿಸಿದೆವು. ಅದು ಮುಳುಗಿದರೆ ಕಾರಿಗೆ ಕಿವಿ ಕೇಳಿಸದು.

ಎಲ್ಲ ನೀರೂ ಆಟದ ನೀರಲ್ಲ

ಸಹಸ್ರಲಿಂಗದ ಬಂಡೆಗಳನ್ನು ನೋಡಿದಾಗಲೆಲ್ಲ ಹುಡುಗನ ಕೈ ತುರಿಸುತ್ತದೆ. ಅಲ್ಲಿ ಬೇಡ. ಶಾಲ್ಮಲೆಯ ಒಡಲಲ್ಲಿ ಲಿಂಗ ಕೆತ್ತಿದ ಕಲ್ಲುಗಳ ಮೇಲೆ ಚಕ್ರ ಹತ್ತಿಸುವುದು ಯಾವ ಲೆಕ್ಕದಲ್ಲೂ ಸಲ್ಲದು. ಕುಡಿಯುವ ಅಬ್ಬಿನೀರಿನಲ್ಲೂ ಬೇಡ. ಕಾರಿನಿಂದ ಗ್ರೀಸು, ಎಣ್ಣೆ ಒಂದಿಷ್ಟಾದರೂ ಬಿಟ್ಟೇ ಬಿಡುತ್ತದೆ. ನಮ್ಮ ಆಟವೆಲ್ಲ ಈಗ ತೋಟದ ಕಾದಿಗೆ ಮತ್ತು ಅಂಗಳದ ಕೆಸರಲ್ಲಿ.

ಹಳ್ಳಕ್ಕೆ ಬಿಡುವುದಿದ್ದರೆ ಮೊಣಕಾಲು ಮುಟ್ಟದ ನೀರು, ಕಾರಿಗೆ ಕಟ್ಟಿದ ಗಾಳದ ದಾರ, ಕೈಯಲ್ಲೊಂದು ಕೊಕ್ಕೆ. ಕಾರು ತೇಲಿ ಹೋದರೆ ಹೋಗಲಿ. ಮಳೆಗಾಲದ ಹಳ್ಳ ಯಾವ ಗಳಿಗೆಯಲ್ಲಿ ಏರುತ್ತದೋ ಹೇಳಲಾಗದು. ಆಟಿಕೆಯ ಹಿಂದೆ ನೀರಿಗಿಳಿಯಬಾರದು.

ಕುಮಟಾ, ಗೋಕರ್ಣದ ಕಡಲು ಘಟ್ಟ ಇಳಿದರೆ ಸಿಗುತ್ತದೆ. ಅದು ಇನ್ನೂ ಅಪಾಯ. ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಹಳ್ಳದ ನೀರು ತಿಂಗಳಲ್ಲಿ ಮಾಡುವ ಕಿತಾಪತಿಯನ್ನು ಅದು ಒಂದು ಸಂಜೆಗೆ ಮಾಡೀತು.

> ಹಳ್ಳದಿಂದ ಬಂದ ಮೇಲೆ
> • ಮೊದಲು ಬ್ಯಾಟರಿ ಕಿತ್ತು ಒರೆಸಿ ಬೇರೆ ಇಡಿ. ಉಬ್ಬಿದ ಲಿಥಿಯಂ ಬ್ಯಾಟರಿಯನ್ನು ಮತ್ತೆ ಚಾರ್ಜಿಗೆ ಹಾಕಲೇಬೇಡಿ.
> • ಕೆಸರು ಒಣಗುವ ಮೊದಲೇ ತಿಳಿನೀರಲ್ಲಿ ತೊಳೆಯಿರಿ. ಜೋರಾಗಿ ನೀರು ಹಾಯಿಸಿದರೆ ಸೀಲು ದಾಟಿ ಒಳಹೋದೀತು.
> • ಟೈರಿನೊಳಗಿನ ಸ್ಪಂಜು ನೀರು ಕುಡಿದಿರುತ್ತದೆ. ಹಿಂಡಿ ತೆಗೆಯಿರಿ.
> • ರಿಸೀವರ್ ಪೆಟ್ಟಿಗೆಯ ಮುಚ್ಚಳ ತೆಗೆದಿಟ್ಟು ಒಣಗಿಸಿ.
> • ಬೇರಿಂಗ್, ಸ್ಕ್ರೂಗಳಿಗೆ ಎಣ್ಣೆ. ತಗಡಿನ ಮುಚ್ಚಳದ ಬೇರಿಂಗಿಗಿಂತ ರಬ್ಬರ್ ಸೀಲಿನದು ಹೆಚ್ಚು ಬಾಳುತ್ತದೆ.
> • ಅಕ್ಕಿಡಬ್ಬಿಯಲ್ಲಿ ಹೂತಿಡುವುದರಿಂದ ಹೆಚ್ಚೇನೂ ಆಗದು. ಬೆಚ್ಚನೆ ಗಾಳಿಯಾಡುವ ಜಾಗ ಬೇಕು.

ಆ ಬೆಚ್ಚನೆ ಜಾಗ ಪುಷ್ಯ ಮಳೆಯ ಮಲೆನಾಡಲ್ಲಿ ಎಲ್ಲಿದೆ? ಹಗ್ಗಕ್ಕೆ ಹಾಕಿದ ಪಂಚೆ ಮೂರು ದಿನಕ್ಕೂ ಆರದ ಕಾಲ ಅದು. ಗಾಳಿಯೇ ಒದ್ದೆ. ಮನೆಯಲ್ಲಿ ಒಣಗಿದ ಜಾಗ ಒಂದೇ, ಬಚ್ಚಲ ಒಲೆಯ ಮೇಲಿನ ಅಟ್ಟ. ಕಂಬಳಿ, ಒದ್ದೆ ಕುಂಟೆ, ತೆಂಗಿನಕಾಯಿಗಳ ನಡುವೆ ಕಾರಿಗೂ ಒಂದು ಜಾಗ ಸಿಕ್ಕಿತು. ಬ್ಯಾಟರಿಗೆ ಮಾತ್ರ ಆ ಕಡೆ ಪ್ರವೇಶವಿಲ್ಲ. ಲಿಥಿಯಂ ಬ್ಯಾಟರಿಗೂ ಒಲೆಗೂ ಹಗೆ.

ಆಶ್ಲೇಷ ಮಳೆ ಶುರುವಾದ ವಾರ ಮೂರನೆಯ ಬಾರಿ ಹಳ್ಳಕ್ಕೆ ಹೋದೆವು. ದಡದಲ್ಲಿ ಹತ್ತು ನಿಮಿಷ ನಿಲ್ಲಿಸಿ, ಅದೇ ಕರಿಬಂಡೆಯತ್ತ ಬಿಟ್ಟೆವು. ಮುಂದಿನ ಚಕ್ರ ಊರಿತು, ಜಾರಿತು, ಮತ್ತೆ ಊರಿತು. ಇಪ್ಪತ್ತು ನಿಮಿಷ ಹೊಟ್ಟೆಮಟ್ಟ ನೀರಲ್ಲಿ ಕೂತು, ಕೊನೆಗೊಮ್ಮೆ ಹಿಂದಿನ ಚಕ್ರವನ್ನೂ ಮೇಲೆಳೆದುಕೊಂಡು ಬಂಡೆಯ ನೆತ್ತಿಗೆ ಬಂತು. ಹುಡುಗನ ಕೂಗಿಗೆ ತೋಟದ ನಾಯಿಯೂ ಬೊಗಳಿತು.

ಮನೆಗೆ ಬಂದಾಗ ಅಪ್ಪ ಜಗುಲಿಯಲ್ಲಿ ಕವಳ ಹಾಕುತ್ತ ಕೂತಿದ್ದರು. ಕಾರನ್ನು ಕೈಗೆ ತೆಗೆದುಕೊಂಡರು. ಲೇಪ, ಓ-ರಿಂಗು, ಗ್ರೀಸು ಎಂದು ಮೊಮ್ಮಗ ವರದಿ ಒಪ್ಪಿಸುತ್ತಲೇ ಇದ್ದ. ಅವರ ಕಿವಿ ಅತ್ತ ಇದ್ದಂತಿರಲಿಲ್ಲ. ಮರದಡಿ ನಿಂತು ಕತ್ತೆತ್ತಿ ಕೊನೆಗೌಡ ಕಟ್ಟಿದ ಕೊಟ್ಟೆ ನೋಡುವ ಹಾಗೆ, ಕಾರನ್ನು ತಲೆಯ ಮಟ್ಟಕ್ಕೆತ್ತಿ ಅಡಿಯಿಂದ ನೋಡಿದರು. ಬ್ಯಾಟರಿ ತಟ್ಟೆಗೆ ಕೊರೆದ ತೂತಿನಿಂದ ಒಂದು ಹನಿ ಅವರ ಕನ್ನಡಕದ ಮೇಲೆ ಬಿತ್ತು.

"ಕೆಳಗೆ ಬಾಯಿ ಬಿಟ್ಟಿದ್ದ್ಯಲ, ಅಡ್ಡಿಲ್ಲೆ" ಎಂದು ಕನ್ನಡಕ ಒರೆಸಿಕೊಂಡರು. "ಹೋಗು, ಅಟ್ಟಕ್ಕೆ ಹಾಕು."